ಉದ್ದ ಫೋರ್ಕು

ಬಲಗೈಯ ಮಣಿಕಟ್ಟು ಮುರಿದ ಮೇಲೆ ನಾನು ಭಾವನ ಹೋಟೆಲಿನ ಮೇಲಿನ ಕೋಣೆಯಲ್ಲೇ ಉಳಿದೆ. ಅದಕ್ಕೂ ಮೊದಲು ಇದ್ದದ್ದು ಅಲ್ಲೇ, ಆದರೆ ಆಗ ಅದು ಮಲಗುವ ಜಾಗ ಮಾತ್ರ. ಎದ್ದರೆ ಕೆಳಗೆ ದೋಸೆ ಕಲ್ಲಿನ ಮುಂದೆ, ಆದಿತ್ಯವಾರ ಬಂದರೆ ಸೈಕಲ್ಲಿನ ಮೇಲೆ. ಕುಂದಾಪುರದ ಹೆದ್ದಾರಿಗೆ ತಾಗಿದ ಆ ಕೋಣೆಗೆ ಒಂದೇ ಕಿಟಕಿ, ಅದರ ಕೆಳಗೇ ಅಡುಗೆಮನೆ. ತೆರೆದರೆ ಒಗ್ಗರಣೆಯ ಘಾಟು, ಮುಚ್ಚಿದರೆ ಸೆಕೆ.

ಕೈ ಮುರಿದದ್ದು ಅಮಾಸೆಬೈಲಿನ ಹತ್ತಿರದ ಒಂದು ಗುಡ್ಡದಲ್ಲಿ. ಮೇಲಿನ ಡಾಂಬರು ರಸ್ತೆಯಿಂದ ಕೆಳಗಿನ ರಸ್ತೆಗೆ ಅಲ್ಲೊಂದು ಕಾಲುದಾರಿ ಇಳಿಯುತ್ತದೆ, ಮೈತುಂಬ ಕೆಂಪು ಮುರಕಲ್ಲಿನ ಅಂಚುಗಳು. ಅಂಥದ್ದೊಂದು ಅಂಚಿಗೆ ನನ್ನ ಮೌಂಟನ್ ಬೈಕಿನ ಮುಂದಿನ ಚಕ್ರ ಹಿಡಿದು ಏಟಿಗೆ ಕುಗ್ಗುವ ಫೋರ್ಕು ಪೂರ್ತಿ ಒತ್ತಿಹೋಯಿತು. ಇನ್ನು ಕುಗ್ಗಲು ಜಾಗವಿಲ್ಲದೆ ಅದು ಗಕ್ಕನೆ ನಿಂತಾಗ ನಾನು ಹ್ಯಾಂಡಲಿನ ಮೇಲಿಂದ ಹಾರಿಬಿದ್ದೆ.

ಕಾರು ತಂದು ನನ್ನನ್ನು ಆಸ್ಪತ್ರೆಗೆ ಒಯ್ದವರು ಭಾವ. ಆಪರೇಷನ್ ಮುಗಿಯುವವರೆಗೂ ಹೋಟೆಲು ಬಿಟ್ಟು ಬೆಂಚಿನ ಮೇಲೆ ಕೂತಿದ್ದರಂತೆ. ಮನೆಗೆ ಬಂದ ಮೇಲೆ ಅಕ್ಕ ಹೊತ್ತುಹೊತ್ತಿಗೆ ಊಟ ಮೇಲೆ ತಂದಳು. ಎಡಗೈಯಲ್ಲಿ ಚಮಚ ಹಿಡಿದು ತಿನ್ನುವವನಿಗೆ ಕಷ್ಟವಾಗಬಾರದೆಂದು ಬಂಗುಡೆ ಮೀನಿನ ಮುಳ್ಳನ್ನು ಅವಳೇ ಬಿಡಿಸಿಡುತ್ತಿದ್ದಳು. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಆ ಕೋಣೆಯಲ್ಲಿ ನನ್ನ ಉಸಿರು ಕಟ್ಟಿಸಿದ್ದು ಸೆಕೆಗಿಂತ ಹೆಚ್ಚಾಗಿ ಈ ಆರೈಕೆ.

ಮಲಗಿದಲ್ಲಿಂದ ನಾನು ಯೋಚಿಸಿದ್ದೆಲ್ಲ ಫೋರ್ಕಿನ ಬಗ್ಗೆ. ಹಿಂದೆ ಮುಂಬೈಯಲ್ಲಿ ನನ್ನ ಜೊತೆ ಕೆಲಸಕ್ಕಿದ್ದ ಸ್ನೇಹಿತನೊಬ್ಬನಿಗೂ ಇದೇ ಸೈಕಲ್ಲಿನ ಹುಚ್ಚು. ಅವನು ಹೊಸ ಸೈಕಲ್ಲು ತೆಗೆದುಕೊಂಡಿದ್ದ, ಹಳೆಯದರ ಫೋರ್ಕು ಸುಮ್ಮನೆ ಬಿದ್ದಿತ್ತು. ನನ್ನದು ನಾಲ್ಕಿಂಚು ಕುಗ್ಗಿದರೆ ಅವನದು ಐದಿಂಚಿಗೂ ಮೀರಿ. "ನಿನ್ನ ಫ್ರೇಮಿಗೆ ಇದು ಸ್ವಲ್ಪ ಜಾಸ್ತಿಯೇ. ಮುಂದೆ ಎತ್ತರ ಆಗ್ತದೆ, ಏರು ಹತ್ತುವಾಗ ಚಕ್ರ ಅತ್ತಿತ್ತ ಹೋಗ್ತದೆ" ಎಂದು ಫೋನಿನಲ್ಲಿ ಎಚ್ಚರಿಸಿದ. ನನಗೆ ಏರಿನ ಚಿಂತೆ ಇರಲಿಲ್ಲ. ಅವನು ಅದನ್ನು ಬಸ್ಸಿನ ಪಾರ್ಸಲ್ಲಿನಲ್ಲಿ ಕಳಿಸಿದ.

ಮಧ್ಯಾಹ್ನದ ಊಟದ ಗದ್ದಲ ಇಳಿದು ಸಂಜೆಯ ಚಹಾದ ಗದ್ದಲ ಏಳುವ ನಡುವೆ ಹೋಟೆಲು ಸ್ವಲ್ಪ ಹೊತ್ತು ತೂಕಡಿಸುತ್ತದೆ. ಅಂಥ ಹೊತ್ತಿನಲ್ಲಿ ಸೈಕಲ್ಲನ್ನು ತಾರಸಿಗೆ ಹತ್ತಿಸಿದೆ. ಎಡಗೈಯಲ್ಲೇ ಚಕ್ರ ಕಳಚಿದೆ, ಬ್ರೇಕು ಬಿಚ್ಚಿದೆ, ಹ್ಯಾಂಡಲು ಸಡಿಲಿಸಿ ಹಳೆಯ ಫೋರ್ಕನ್ನು ಕೆಳಕ್ಕೆ ಎಳೆದೆ. ಅದರ ಬುಡದಲ್ಲಿ ಬೇರಿಂಗು ಕೂರುವ ಒಂದು ಉಕ್ಕಿನ ಬಳೆ ಇರುತ್ತದೆ. ಅದನ್ನು ಬಡಿದು ಬಿಡಿಸಿ ಹೊಸ ಫೋರ್ಕಿಗೆ ಕೂರಿಸಬೇಕು. ಒಂದು ಕೈ ಸ್ಕ್ರೂಡ್ರೈವರಿಗೆ ಬೇಕು, ಒಂದು ಸುತ್ತಿಗೆಗೆ. ಕೆಲಸ ಅಲ್ಲಿಗೆ ನಿಂತಿತು. ನಾನು ಫೋರ್ಕನ್ನು ತೊಡೆಗಳ ನಡುವೆ ಒತ್ತಿಹಿಡಿದು ಕೂತಿದ್ದಾಗ ಅಕ್ಕ ಒಣಗಿದ ಬಟ್ಟೆ ತೆಗೆಯಲು ಬಂದಳು.

"ಎಂತ ಮಾಡ್ತಾ ಇದ್ದಿ, ಈ ಬಿಸ್ಲಗೆ?"

"ಫೋರ್ಕ್ ಬದ್ಲ್ ಮಾಡೂದ್."

"ಒಂದೇ ಕೈಯಗಾ?"

ಬೈಯುತ್ತಾಳೆ ಎಂದುಕೊಂಡೆ. ಅವಳು ಬಟ್ಟೆಯನ್ನು ಹಗ್ಗದ ಮೇಲೇ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಸುತ್ತಿಗೆ ಎತ್ತಿಕೊಂಡಳು. "ಎಲ್ಲಿ ಹೊಡಿಯೂದ್, ಹೇಳ್."

ಆ ಉಕ್ಕಿನ ಬಳೆ ಕಳಚಿದ್ದು ಅವಳು. ನೀರಿನ ಪೈಪಿನ ತುಂಡೊಂದನ್ನು ಮೇಲಿಟ್ಟು, ಅದರ ತಲೆಗೆ ಬಡಿದು ಹೊಸ ಫೋರ್ಕಿಗೆ ಕೂರಿಸಿದ್ದೂ ಅವಳೇ. ಸ್ನೇಹಿತನ ಸೈಕಲ್ಲು ದೊಡ್ಡದಾದ್ದರಿಂದ ಫೋರ್ಕಿನ ಮೇಲ್ಗೊಳವೆ ನನ್ನದಕ್ಕೆ ಉದ್ದವಾಗಿತ್ತು. ನಾನು ಪೆನ್ನಿನಲ್ಲಿ ಗೆರೆ ಹಾಕಿಕೊಟ್ಟೆ, ಅವಳು ಹ್ಯಾಕ್ಸಾದಿಂದ ಕೊಯ್ದಳು. ಮುಖ ಕೆಂಪಾಗಿ, ಹಣೆಯ ಬೆವರು ಮೂಗಿನ ತುದಿಗೆ ಇಳಿದಿತ್ತು. ಅಷ್ಟು ಖುಷಿಯಲ್ಲಿ ಅವಳನ್ನು ನಾನು ಬಹಳ ಕಾಲದಿಂದ ಕಂಡಿರಲಿಲ್ಲ.

ಎಲ್ಲ ಬಿಗಿದಾದ ಮೇಲೆ ಸೈಕಲ್ಲು ಎದೆಯೆತ್ತಿ ನಿಂತ ಹಾಗೆ ಕಾಣಿಸಿತು. ಅಕ್ಕ ಒಂದು ಕೈಯಲ್ಲಿ ತಾರಸಿಯ ಮೋಟುಗೋಡೆ ಹಿಡಿದು ಸೈಕಲ್ಲಿನ ಮೇಲೆ ಹತ್ತಿ ಕೂತಳು. ಮುಂದಕ್ಕೆ ಬಾಗಿ ಫೋರ್ಕನ್ನು ಒತ್ತಿದಳು. ಅದು ಮೆತ್ತಗೆ ಕುಗ್ಗಿ ಮೇಲೆ ಬಂತು. ಇನ್ನೊಮ್ಮೆ ಒತ್ತಿದಳು.

"ಮದಿ ಆಪುಕ್ ಮುಂಚೆ ನಾನೂ ಸೈಕಲ್ ಬಿಡ್ತಿದ್ದೆ" ಎಂದು ಮದುವೆಗೆ ಹಿಂದಿನ ದಿನಗಳ ಮಾತು ತೆಗೆದಳು. "ಕಾಲೇಜಿಗ್ ಅದ್ರಗೇ ಹೋಪ್ದ್. ನಿಂಗ್ ನೆನಪಿಲ್ಲೆ, ನೀ ಸಣ್ಣೋನ್."

ಹೆದ್ದಾರಿಯಲ್ಲಿ ಲಾರಿಗಳು ಬೈಂದೂರಿನ ಕಡೆಗೆ ಹೋಗುತ್ತಿದ್ದವು. ಅವಳು ಅವುಗಳನ್ನು ನೋಡುತ್ತ ಕೂತೇ ಇದ್ದಳು. ಕೆಳಗಿನಿಂದ ಭಾವನ ದನಿ ಬಂತು: "ಹ್ವಾಯ್, ಎಲ್ಲಿದ್ದೆ? ಚಾಕ್ ಹೊತ್ತಾಯ್ತ್." ಅಕ್ಕ ಇಳಿದು ಸೆರಗು ಸರಿಮಾಡಿಕೊಂಡು, ಬಟ್ಟೆ ಎತ್ತಿಕೊಂಡು ಹೋದಳು.

ಮರುದಿನ ತಾರಸಿಯಲ್ಲಿ ಸೈಕಲ್ಲು ಇರಲಿಲ್ಲ. ಭಾವ ಅದನ್ನು ಅಕ್ಕಿ ಮೂಟೆಗಳ ಕೋಣೆಯಲ್ಲಿಟ್ಟು ಬೀಗ ಹಾಕಿದ್ದರು. ಕೇಳಿದ್ದಕ್ಕೆ ಸಿಟ್ಟಾಗಲೂ ಇಲ್ಲ. "ಕೈ ಸಮ ಆಯ್ಲಿ, ಕೊಡ್ತೆ. ಅಲ್ಲಿವರಿಗೆ ಕೌಂಟರಗೆ ಕೂತ್ಕೋ. ಎಡಗೈಯಗೆ ಟೋಕನ್ ಕೊಡುಕ್ ಆತ್ತಲ್ದಾ?"

ಹಾಗೆ ನಾನು ಕೌಂಟರಿಗೆ ಬಂದೆ. ಮುಂದೆ ಗಾಜು, ಹಿಂದೆ ದೇವರ ಪಟ, ಪಕ್ಕದಲ್ಲಿ ಸೋಂಪಿನ ತಟ್ಟೆ. ಎದುರಿನ ಗೋಡೆಯ ಫ್ಯಾನು ನನ್ನ ಕಡೆ ತಿರುಗುವುದನ್ನು ಕಾಯುವುದು, ತಿರುಗಿ ಹೋದರೆ ಮತ್ತೆ ಕಾಯುವುದು. ಬಂದವರೆಲ್ಲ ಕೈ ಹೇಗಾಯಿತೆಂದು ಕೇಳುತ್ತಿದ್ದರು, ನನಗಿಂತ ಮೊದಲು ಭಾವ ಉತ್ತರ ಹೇಳುತ್ತಿದ್ದರು. ಮಳೆಗಾಲ ಕಳೆಯಿತು. ಡಾಕ್ಟರು ಇನ್ನು ಏನು ಬೇಕಾದರೂ ಮಾಡಬಹುದು ಎಂದರು. ಬೀಗದ ಕೋಣೆ ಮಾತ್ರ ತೆರೆಯಲಿಲ್ಲ.

ಕೊನೆಗೊಂದು ಬೆಳಿಗ್ಗೆ ನಾನೇ ಕೈ ಚಾಚಿದೆ. "ಭಾವ, ಬೀಗದ ಕೈ ಕೊಡಿ."

ಅವರು ನನ್ನ ಮಣಿಕಟ್ಟಿನ ಗಾಯದ ಗುರುತು ನೋಡಿದರು. "ನಿನ್ನ ಎತ್ತಿ ಕಾರಿಗೆ ಹಾಕಿದ್ದ್ ನಾನ್. ಆ ಕೈ ಹ್ಯಾಂಗ್ ನೇತಾಡ್ತಿತ್ತ್ ಅಂದೇಳಿ ನಿಂಗ್ ಗೊತ್ತಿಲ್ಲೆ" ಎಂದರು. ಆಮೇಲೆ ಬೀಗದ ಕೈ ಮೇಜಿನ ಮೇಲಿಟ್ಟರು. "ಆದಿತ್ಯವಾರ ಹೋಪ. ನಾನೂ ಬತ್ತೆ."

ಅವರು ಸ್ಕೂಟರಿನಲ್ಲಿ ಬಂದರು. ಕುಂದಾಪುರದಿಂದ ಅಮಾಸೆಬೈಲಿನವರೆಗೆ, ಒಬ್ಬ ಮನುಷ್ಯ ಸೈಕಲ್ಲು ತುಳಿಯುವ ವೇಗದಲ್ಲಿ, ನನ್ನ ಬೆನ್ನ ಹಿಂದೆಯೇ. ಲಾರಿ ಬಂದರೆ ಹಾರ್ನ್ ಹೊಡೆದು ಎಚ್ಚರಿಸುವುದು, ಅಂಗಡಿ ಕಂಡಲ್ಲೆಲ್ಲ ನಿಲ್ಲಿಸಿ "ನೀರ್ ಕುಡಿತ್ಯಾ?" ಎಂದು ಕೇಳುವುದು. ಏರಿನಲ್ಲಿ ಸ್ನೇಹಿತ ಹೇಳಿದ್ದೇ ಆಯಿತು. ಮುಂದಿನ ಚಕ್ರ ಹಗುರಾಗಿ ಎತ್ತಲೋ ಹೋಗುತ್ತಿತ್ತು, ಹಿಡಿದು ತರುವುದರಲ್ಲಿ ಮಣಿಕಟ್ಟು ನೋಯುತ್ತಿತ್ತು. ಹಿಂದೆ ಸ್ಕೂಟರು ಗುರುಗುಡುತ್ತಿದ್ದರಿಂದ ಇಳಿದು ತಳ್ಳಲೂ ನಾಚಿಕೆ.

ಕಾಲುದಾರಿಯ ತಲೆಯಲ್ಲಿ ಅವರು ನಿಲ್ಲಿಸಿದರು. ಅಲ್ಲಿ ಸ್ಕೂಟರು ಇಳಿಯುವುದಿಲ್ಲ. "ನಾನ್ ಸುತ್ತಾಕಿ ಕೆಳಗ್ ಬಂದ್ ಕಾಯ್ತೆ" ಎಂದು ಹೋದರು.

ಒಬ್ಬನೇ ಉಳಿದೆ, ಎರಡೂ ಬ್ರೇಕು ಬಿಗಿಯಾಗಿ ಹಿಡಿದು ನಿಂತೆ. ಕೆಳಗೆ ಆ ಕಲ್ಲಿನ ಅಂಚು ಕಾಣುತ್ತಿತ್ತು. ಹಿಂದಕ್ಕೆ ಹೋದರೆ ಭಾವನಿಗೆ ಏನು ಹೇಳುವುದು? ಇಳಿದರೂ ಭಾವ, ಹಿಂತಿರುಗಿದರೂ ಭಾವ. ಆ ಸಿಟ್ಟಿನಲ್ಲೇ ಬ್ರೇಕು ಬಿಟ್ಟೆ. ಮೊದಲ ಕಲ್ಲು ಬಂತು, ಫೋರ್ಕು ಕುಗ್ಗಿತು. ಆ ಅಂಚು ಬಂತು. ಫೋರ್ಕು ಆಳಕ್ಕೆ, ಇನ್ನೂ ಆಳಕ್ಕೆ ಕುಗ್ಗಿ, ತಳ ಮುಟ್ಟದೆ ನನ್ನನ್ನು ಮೇಲೆತ್ತಿಕೊಂಡು ಮುಂದೆ ಹೋಯಿತು. ಮತ್ತೆ ಕೆಳಗಿನ ರಸ್ತೆಯವರೆಗೆ ಕಿವಿಯಲ್ಲಿ ಗಾಳಿ ಬಿಟ್ಟರೆ ಇನ್ನೇನೂ ಇರಲಿಲ್ಲ. ಯಾರೂ ಇರಲಿಲ್ಲ.

ಭಾವ ರಸ್ತೆಯ ನಡುವೆಯೇ ನಿಂತಿದ್ದರು. ನನ್ನನ್ನು ಕಂಡದ್ದೇ ಹೆಗಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಹತ್ತಿರ ಬಂದು ನನ್ನ ಬಲಗೈ ಹಿಡಿದು, ಮಣಿಕಟ್ಟನ್ನು ಮೆಲ್ಲಗೆ ತಿರುಗಿಸಿ ನೋಡಿದರು.

"ಆಯ್ತಾ?"

"ಆಯ್ತ್."

"ಹಂಗಾರೆ ಹೋಪ. ಊಟದ್ ಹೊತ್ತಿಗ್ ಕೌಂಟರಗೆ ಕೂರುಕ್ ಜನ ಇಲ್ಲೆ."

ನಾನು ಪೆಡಲಿಗೆ ಕಾಲಿಟ್ಟೆ. ಹಿಂದೆ ಸ್ಕೂಟರು ಚಾಲೂ ಆಯಿತು.