ಕಂಕುಳಿಗೆ ಕೂವೆ ಹುಡಿ

ಚರ್ಮದ ಡಾಕ್ಟರು ನನ್ನ ಎರಡೂ ಕಂಕುಳನ್ನು ಟಾರ್ಚು ಹಿಡಿದು ನೋಡಿ, ದಿನಕ್ಕೆ ಎಷ್ಟು ಸಲ ಸ್ಪ್ರೇ ಹಾಕ್ತೀರಿ ಎಂದು ಕೇಳಿದರು. ಒಂದು ಸಲ ಎಂದೆ. ಅದು ಸುಳ್ಳು. ಮನೆಯಿಂದ ಹೊರಡುವಾಗ ಒಂದು, ಕೆಲಸಕ್ಕೆ ಮುಟ್ಟಿದ ಕೂಡಲೇ ಒಂದು, ಊಟವಾದ ಮೇಲೆ ಇನ್ನೊಂದು. ಸೆಕೆಗಾಲದಲ್ಲಿ ನಾಲ್ಕನೆಯದೂ ಇರುತ್ತಿತ್ತು. ಚರ್ಮ ಕಪ್ಪಾಗಿ, ದಪ್ಪಗಾಗಿ, ಅಲ್ಲಲ್ಲಿ ಒಡೆದು ನೀರು ಒಸರುತ್ತಿತ್ತು. ಕೈ ಕೆಳಗಿಳಿಸಿದರೆ ಉರಿ, ಮೇಲೆತ್ತಿದರೆ ಎಳೆತ.

"ಮೂರು ವಾರ ಎಂತದೂ ಹಾಕ್ಬೇಡಿ. ಮುಲಾಮು ಕೊಡ್ತೇನೆ, ಅದು ಮಾತ್ರ. ಆಮೇಲೆಯೂ ಸ್ಪ್ರೇ ಬೇಡ."

"ಹಾಗಾದ್ರೆ ಎಂತ ಹಾಕುವುದು ಡಾಕ್ಟ್ರೇ?"

"ನೀರು ಹಾಕಿ ತೊಳೀರಿ. ಜನ ಮೊದಲು ಹಾಗೇ ಇದ್ದದ್ದಲ್ವಾ?"

ಅವರು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಕೆಲಸ ಎಂತದ್ದೆಂದು ಅವರಿಗೆ ಗೊತ್ತಿರಲಿಲ್ಲ.

ಮಂಗಳೂರಿನ ಕೊಟ್ಟಾರದಲ್ಲಿ ಕಿವಿ ಕೇಳದವರಿಗೆ ಯಂತ್ರ ಕೊಡುವ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನಾನಿರುವುದು. ಬರುವವರಲ್ಲಿ ಹೆಚ್ಚಿನವರು ವಯಸ್ಸಾದವರು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ನಿಂತು, ಕೈ ಎತ್ತಿ, ಕಿವಿಯೊಳಗೆ ಯಂತ್ರ ಕೂರಿಸಿ ಸರಿ ಮಾಡಬೇಕು. ಆಗ ನನ್ನ ಕಂಕುಳು ಅವರ ಮೂಗಿನಿಂದ ಒಂದು ಗೇಣು ದೂರ. ಕಿವಿ ಕೇಳದವರ ಮೂಗು ಚುರುಕಾಗಿರುತ್ತದೆ ಎಂದು ನಾನೇ ನಂಬಿಕೊಂಡಿದ್ದೆ. ಯಾರಾದರೂ ಸುಮ್ಮನೆ ಕೆಮ್ಮಿದರೂ ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು. ಹಾಗೆ ಇಳಿದ ಬೆವರಿಗೆ ಮತ್ತೆ ಹೆದರಿಕೆ.

ಇದು ಆರನೇ ಕ್ಲಾಸಿನಲ್ಲಿ ಶುರುವಾದದ್ದು. ನಮ್ಮದು ಉಳ್ಳಾಲ, ತಲೆತಲಾಂತರದಿಂದ ಕಡಲಿಗೆ ಹೋಗುವವರ ಮನೆ. ಅಪ್ಪ ಬೋಟಿಗೆ ಹೋಗುತ್ತಿದ್ದರು, ಅಮ್ಮ ಬೋಟು ನಿಲ್ಲುವ ಧಕ್ಕೆಯಿಂದ ಮೀನು ತಂದು ಬುಟ್ಟಿಯಲ್ಲಿ ಮಾರುತ್ತಿದ್ದಳು. ಒಂದು ದಿನ ನನ್ನ ಬೆಂಚಿನ ಹುಡುಗಿ ಎದ್ದು ನಿಂತು, "ಟೀಚರ್, ನನಗೆ ಬೇರೆ ಜಾಗ ಕೊಡಿ, ಇಲ್ಲಿ ಮೀನಿನ ವಾಸನೆ" ಎಂದಳು. ಟೀಚರು ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಅವಳನ್ನು ಮುಂದಿನ ಬೆಂಚಿಗೆ ಕಳಿಸಿ ಪಾಠ ಮುಂದುವರಿಸಿದರು. ಆ ದಿನ ಮನೆಗೆ ಬಂದು ಬಾವಿಕಟ್ಟೆಯಲ್ಲಿ ಮೂರು ಸಲ ಮಿಂದೆ. ಅಮ್ಮನಿಗೆ ಕಾರಣ ಹೇಳಲಿಲ್ಲ. ಸಂಬಳ ಬರಲು ಶುರುವಾದ ಮೇಲೆ ಮೊದಲು ತಂದದ್ದು ಸ್ಪ್ರೇ. ಖಾಲಿ ಟಿನ್ನುಗಳನ್ನು ಒಣಕಸದ ಚೀಲಕ್ಕೆ ಹಾಕಿದರೆ ಒಯ್ಯುವವಳು ಗೊಣಗುತ್ತಿದ್ದಳು, "ಇದು ಬಿಸಿಲಿಗೆ ಸಿಡಿತದೆ ಅಕ್ಕ, ನಮ್ಮ ಕೈ ಹೋಗ್ತದೆ." ಅದಕ್ಕೆ ಅವನ್ನು ಮಂಚದ ಅಡಿಗೆ ನೂಕಿ ಇಟ್ಟಿದ್ದೆ. ಡಾಕ್ಟರ ಹತ್ತಿರ ಹೋಗಿ ಬಂದ ದಿನ ಎಳೆದು ತೆಗೆದರೆ ಒಂದು ಗೋಣಿ ತುಂಬುವಷ್ಟು ಇತ್ತು.

ಆ ಮೂರು ವಾರ ನಾನು ಹೇಗೆ ಕಳೆದೆ ಎಂದು ನನಗೇ ಗೊತ್ತಿಲ್ಲ. ಬ್ಯಾಗಿನಲ್ಲಿ ಎರಡು ಚೂಡಿದಾರದ ಟಾಪು, ಒಂದು ಒದ್ದೆ ಬಟ್ಟೆ, ಒಂದು ಒಣ ಬಟ್ಟೆ. ಪಂಪ್‌ವೆಲ್‌ನಲ್ಲಿ ಬಸ್ಸು ಬದಲಿಸುವಾಗ ಜನರ ಮಧ್ಯೆ ನಿಲ್ಲದೆ ಫ್ಲೈಓವರಿನ ಕಂಬದ ಹತ್ತಿರ ಒಬ್ಬಳೇ ನಿಲ್ಲುತ್ತಿದ್ದೆ. ಬಸ್ಸಿನಲ್ಲಿ ಮೇಲಿನ ಸರಳು ಹಿಡಿಯುತ್ತಿರಲಿಲ್ಲ. ಸೀಟಿನ ಅಂಚು ಹಿಡಿದು, ತಿರುವಿನಲ್ಲಿ ಯಾರ ಮೇಲಾದರೂ ಬೀಳುವ ಹಾಗಾಗಿ, ಬೈಗುಳ ತಿಂದರೂ ಕೈ ಎತ್ತುತ್ತಿರಲಿಲ್ಲ. ಕೆಲಸದಲ್ಲಿ ಗಂಟೆಗೊಮ್ಮೆ ಬಾತ್‌ರೂಮಿಗೆ ಹೋಗಿ ತೊಳೆದುಕೊಳ್ಳುತ್ತಿದ್ದೆ.

ಕ್ಲಿನಿಕ್ಕಿನ ಎದುರಿನ ಮೇಜಿನಲ್ಲಿ ಕೂರುವವಳು ನನ್ನ ಗೆಳತಿ. ಅವಳದು ಬ್ಯಾರಿ ಮನೆ, ಗಂಡ ಗಲ್ಫಿನಲ್ಲಿ ಅಂಗಡಿಯೊಂದರಲ್ಲಿ ಕೆಲಸಕ್ಕೆ. ಅವಳ ಮನೆಮಾತು ಬ್ಯಾರಿ, ನನ್ನದು ತುಳು, ನಮ್ಮಿಬ್ಬರ ಗುಟ್ಟಿನ ಮಾತೆಲ್ಲ ಕನ್ನಡದಲ್ಲಿ. ವಿಷಯ ಕೇಳಿ ಅವಳು ಫೋನಿನಲ್ಲಿ ಒಂದು ವೀಡಿಯೊ ತೋರಿಸಿದಳು. ತೆಂಗಿನೆಣ್ಣೆ, ಕೂವೆ ಹುಡಿ, ಅಡುಗೆ ಸೋಡ, ಅಷ್ಟೇ. ಕಲಸಿ ಬಾಟಲಿಗೆ ತುಂಬುವುದು, ಬೆರಳಲ್ಲಿ ತೆಗೆದು ಹಚ್ಚುವುದು.

"ಎಲ್ಲ ಅಡುಗೆಮನೆಯಲ್ಲೇ ಉಂಟು ಮಾರಾಯ್ತಿ. ಟಿನ್ನೂ ಬೇಡ, ಕಸವೂ ಇಲ್ಲ. ಮಾಡಿ ನೋಡು."

ಚರ್ಮ ಒಣಗಿದ ಮೇಲೆ ಒಂದು ಭಾನುವಾರ ಮಾಡಿದೆ. ಸಣ್ಣ ಮಕ್ಕಳಿಗೆ ಮಣ್ಣಿ ಕಾಯಿಸಿ ತಿನ್ನಿಸುವ ಕೂವೆ ಗೆಡ್ಡೆಯ ಹುಡಿ ನಮ್ಮಲ್ಲಿ ಯಾವಾಗಲೂ ಇರುತ್ತದೆ, ಹೊಟ್ಟೆ ಕೆಟ್ಟರೆ ಅಮ್ಮ ಗಂಜಿಯ ಹಾಗೆ ಕಾಯಿಸಿ ಕುಡಿಯುತ್ತಾಳೆ. ಮೂರು ಚಮಚ ಎಣ್ಣೆಗೆ ಮೂರು ಚಮಚ ಹುಡಿ, ಒಂದು ಚಮಚ ಸೋಡ. ಕಲಸಿದರೆ ಬೆಣ್ಣೆಯ ಹಾಗೆ ಬಂತು. ನೋವಿನ ಬಾಮಿನ ಹಳೆಯ ಬಾಟಲಿಗೆ ತುಂಬಿಸಿದೆ. ಎಷ್ಟು ಖುಷಿಯಾಯಿತೆಂದರೆ ಗೆಳತಿಗೆ ಫೋಟೊ ಕಳಿಸಿದೆ.

ಆದರೆ ಆ ವೀಡಿಯೊ ಮಾಡಿದವರ ಚಳಿ ಊರಿನಲ್ಲಿ ತೆಂಗಿನೆಣ್ಣೆ ಗಟ್ಟಿಯಾಗಿರುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಮಾರ್ಚ್ ತಿಂಗಳ ಮಂಗಳೂರು. ಸೋಮವಾರ ಕೊಟ್ಟಾರದಲ್ಲಿ ಇಳಿಯುವಷ್ಟರಲ್ಲಿ ಬಾಟಲಿಯೊಳಗಿದ್ದದ್ದು ನೀರಾಗಿ, ಮುಚ್ಚಳದಿಂದ ಇಳಿದು, ಬ್ಯಾಗಿನಲ್ಲಿದ್ದ ಒಬ್ಬರ ಕಿವಿ ಪರೀಕ್ಷೆಯ ಕಾಗದವನ್ನೆಲ್ಲ ನೆನೆಸಿತ್ತು. ಟಾಪಿನ ಎರಡೂ ಕಂಕುಳಲ್ಲಿ ಎಣ್ಣೆಯ ಕಲೆ, ಬೆವರಿಗಿಂತ ದೊಡ್ಡದು. ಇಡೀ ದಿನ ಶಾಲು ಹೊದ್ದು ಕೆಲಸ ಮಾಡಿದೆ.

ಎರಡನೆಯ ಸಲ ಜೇನುಮೇಣ ಹಾಕಿದೆ. ಗೆಳತಿಯ ಪರಿಚಯದ ಜೇನು ಮಾರುವವರು ಒಂದು ಉಂಡೆ ಕೊಟ್ಟರು. ಬಿಸಿನೀರಿನಲ್ಲಿ ಪಾತ್ರೆ ಇಟ್ಟು ಮೇಣ ಕರಗಿಸಿ, ಎಣ್ಣೆ ಸೇರಿಸಿ, ಹುಡಿ ಹಾಕಿ ತಿರುಗಿಸಿದೆ. ಈ ಸಲ ಸೋಡ ಎರಡು ಚಮಚ. ವಾಸನೆ ಸ್ವಲ್ಪವೂ ಇರಬಾರದು ಎಂಬ ಹಠ. ಅದು ಚೆನ್ನಾಗಿ ಗಟ್ಟಿಯಾಯಿತು. ಹಚ್ಚಿದ ಎರಡನೆಯ ದಿನ ಉರಿ ಶುರುವಾಯಿತು.

ಆ ದಿನ ಬಂದವರು ನಿವೃತ್ತ ಮೇಷ್ಟ್ರು ಒಬ್ಬರು. ಹೊಸ ಯಂತ್ರ ಕೂರಿಸಲು ಕೈ ಎತ್ತಿದೆ. ಕೆಂಡ ಮುಟ್ಟಿದ ಹಾಗಾಯಿತು. ಅದೇ ಹೊತ್ತಿಗೆ ಅವರು ಮುಖ ಸಿಂಡರಿಸಿ, ತಲೆಯನ್ನು ಸರಕ್ಕನೆ ಆಚೆ ಎಳೆದುಕೊಂಡರು. ನನ್ನ ಕಣ್ಣಿಗೆ ಆರನೇ ಕ್ಲಾಸಿನ ಬೆಂಚು ಬಂತು. "ಒಂದು ನಿಮಿಷ" ಎಂದೆನೋ ಇಲ್ಲವೋ, ಯಂತ್ರವನ್ನು ಅರ್ಧ ಕಿವಿಯಲ್ಲಿ ಬಿಟ್ಟು ಬಾತ್‌ರೂಮಿಗೆ ಓಡಿದೆ. ಚಿಲಕ ಹಾಕಿ, ನಲ್ಲಿ ತಿರುಗಿಸಿ, ಟಾಪು ಒದ್ದೆಯಾಗುವುದನ್ನೂ ನೋಡದೆ ನೀರು ಎರಚಿಕೊಂಡೆ.

ಗೆಳತಿ ಬಾಗಿಲು ಬಡಿದಳು. "ಎಂತಾಯ್ತು ನಿನಗೆ? ಅವರು ಕೂತಲ್ಲೇ ಇದ್ದಾರೆ."

"ನನ್ನ ವಾಸನೆಗೆ ಮುಖ ತಿರುಗಿಸಿದ್ರು."

"ಎಂತದು ವಾಸನೆ! ಯಂತ್ರ ಕೂಗಿದ್ದು. ಕುಯ್ಯೋ ಅಂತ. ನನಗೇ ಎದುರಿನ ಮೇಜಿಗೆ ಕೇಳಿತು."

ಸರಿಯಾಗಿ ಕೂರದ ಯಂತ್ರ ಕಿವಿಯಲ್ಲಿ ಸೀಟಿ ಹೊಡೆಯುತ್ತದೆ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ನಾನು ಬಾಗಿಲು ತೆಗೆದೆ. "ಹಾಗಾದ್ರೆ ನೀನೇ ಹೇಳು. ಹತ್ತಿರ ಬಾ. ವಾಸನೆ ಉಂಟಾ ಇಲ್ವಾ, ನಿಜ ಹೇಳು."

ಅವಳು ಹತ್ತಿರ ಬರಲಿಲ್ಲ. ಬೇಸಿನ್ನಿನ ಅಂಚಿಗೆ ಒರಗಿ ನಿಂತು ಮೆಲ್ಲಗೆ ಹೇಳಿದಳು, "ನನಗೆ ಗೊತ್ತಾಗುವುದಿಲ್ಲ. ಎರಡು ವರ್ಷ ಆಯ್ತು. ಆ ಜ್ವರ ಬಂದಿತ್ತಲ್ಲ, ಅದರಲ್ಲಿ ಹೋದ ಮೂಗು ವಾಪಸ್ ಬರ್ಲೇ ಇಲ್ಲ."

ನಾನು ನಲ್ಲಿ ನಿಲ್ಲಿಸಿದೆ.

"ಯಾರಿಗೂ ಹೇಳಿಲ್ಲ. ಹಾಲು ಸೀದರೆ ಗೊತ್ತಾಗುವುದಿಲ್ಲ, ಗ್ಯಾಸ್ ಬಿಟ್ಟರೆ ಗೊತ್ತಾಗುವುದಿಲ್ಲ. ದಿನಕ್ಕೆ ಹತ್ತು ಸಲ ಒಲೆ ನೋಡಿ ಬರ್ತೇನೆ. ಅವರು ರಜೆಗೆ ಬರುವಾಗೆಲ್ಲ ಅತ್ತರು ತರ್ತಾರೆ, ಈ ಸಲದ್ದು ಹೇಗುಂಟು ಕೇಳ್ತಾರೆ. ಒಳ್ಳೇದುಂಟು ಅಂತೇನೆ. ನನ್ನ ಮೈ ಹೇಗುಂಟೋ ಅಂತ ಹೆದರಿ ಜಾಸ್ತಿ ಹಾಕ್ತೇನೆ. ಜಾಸ್ತಿ ಆಗ್ತದಾ?"

ಜಾಸ್ತಿ ಆಗುತ್ತಿತ್ತು. ತುಂಬಾ. ಬರುವವರು ಅವಳ ಮೇಜಿನ ಹತ್ತಿರ ಸೀನುತ್ತಿದ್ದರು. ಎರಡು ವರ್ಷದಿಂದ ನಾನದನ್ನು ಕಂಡೂ ಬಾಯಿ ಬಿಟ್ಟಿರಲಿಲ್ಲ. ಗಂಡ ತಂದ ಅತ್ತರಿನ ಜಂಬ ಎಂದು ಒಳಗೊಳಗೇ ಆಡಿಕೊಂಡದ್ದೂ ಉಂಟು.

"ಜಾಸ್ತಿ ಆಗ್ತದೆ. ಜನ ಸೀನ್ತಾರೆ" ಎಂದೆ.

ಅವಳು ಮೊದಲು ನಕ್ಕಳು. ಆಮೇಲೆ ಮುಖ ಸಣ್ಣದಾಯಿತು. "ಮೊದಲೇ ಹೇಳಬಹುದಿತ್ತಲ್ಲ" ಎಂದಳು. ಹೊರಗೆ ಮೇಷ್ಟ್ರು ಕಾಯುತ್ತಿದ್ದರು. ಹೋಗಿ ಕ್ಷಮೆ ಕೇಳಿ, ಹಲ್ಲು ಕಚ್ಚಿ ಕೈ ಎತ್ತಿ, ಯಂತ್ರವನ್ನು ಸರಿಯಾಗಿ ಕೂರಿಸಿದೆ. ಅವರು ಫ್ಯಾನಿನ ಶಬ್ದ ಕೇಳಿ ಸಂತೋಷಪಟ್ಟರು.

ಮರುದಿನದಿಂದ ಬೆಳಿಗ್ಗೆ ಬಂದ ಕೂಡಲೇ ಅವಳು ನನ್ನ ಮುಂದೆ ಮಣಿಗಂಟು ಚಾಚುತ್ತಿದ್ದಳು. ನಾನು ಮೂಸಿ, ಸಾಕು, ಅಥವಾ ತೊಳಿ ಎನ್ನುತ್ತಿದ್ದೆ. ಆದರೆ ನನಗೆ ಯಾರು ಹೇಳುವುದು?

"ನಿನ್ನ ಅಮ್ಮ ಇದ್ದಾರಲ್ಲ. ಮೀನು ಮೂಸಿ ದಿನ ಹೇಳುವವರು" ಎಂದಳು ಗೆಳತಿ.

ಅದು ನಿಜ. ಅಮ್ಮ ಬಂಗುಡೆಯ ಕಿವಿರು ಎತ್ತಿ ಒಮ್ಮೆ ಮೂಸಿದರೆ ಸಾಕು, ನಿನ್ನೆಯದೋ ಮೊನ್ನೆಯದೋ, ಐಸಿನಲ್ಲಿ ಎಷ್ಟು ಹೊತ್ತು ಇತ್ತು, ಎಲ್ಲ ಹೇಳುತ್ತಾಳೆ. ಅಪ್ಪ ತೀರಿದ ಮೇಲೆ ಮನೆಯಲ್ಲಿ ನಾವಿಬ್ಬರೇ. ಈಗ ಅವಳು ಬುಟ್ಟಿ ಹೊರುವುದಿಲ್ಲ, ಉಳ್ಳಾಲದ ಮಾರ್ಕೆಟಿನಲ್ಲಿ ಕೂತು ಮಾರುತ್ತಾಳೆ. ಇಷ್ಟು ವರ್ಷ ಅವಳಿಂದಲೇ ಮುಚ್ಚಿಟ್ಟ ಸಂಗತಿಯನ್ನು ಅವಳ ಹತ್ತಿರವೇ ಕೇಳುವುದೆಂದರೆ ಸುಲಭವಾಗಿರಲಿಲ್ಲ. ಎರಡು ದಿನ ಅಡುಗೆಮನೆಗೂ ಚಾವಡಿಗೂ ತಿರುಗಾಡಿದೆ. ಅವಳೇ ಕೇಳಿದಳು, "ಎಂತ, ಕಾಲಡಿಗೆ ಇರುವೆ ಕಚ್ಚಿದ ಹಾಗೆ ಓಡಾಡ್ತೀ?"

ಹೇಳಿದೆ. ಕೈ ಎತ್ತಿ ತೋರಿಸಿದೆ. ಮತ್ತೆ ಕೆಂಪಾದ ಚರ್ಮ ನೋಡಿ ಅವಳು ಬೈದಳು, ಅಂಗೈಯಲ್ಲಿ ಬರೀ ತೆಂಗಿನೆಣ್ಣೆ ಹಚ್ಚಿದಳು. ಆಮೇಲೆ ಬಾಟಲಿ ತೆಗೆದು ಮೂಸಿ, ನಾಲಗೆಗೆ ತಾಗಿಸಿ ಉಗಿದಳು.

"ಇಷ್ಟು ಸೋಡ ಇಡ್ಲಿಗೂ ಹಾಕುವುದಿಲ್ಲ. ಕಾಲು ಚಮಚ ಸಾಕು. ಕೂವೆ ಜಾಸ್ತಿ ಹಾಕು, ಅದು ತಂಪು, ನೀರು ಹೀರ್ತದೆ."

"ಪರಿಮಳಕ್ಕೆ ಲಾವಂಚದ ಎಣ್ಣೆ ಹಾಕ್ಲಾ?"

"ಬೇಡ. ವಾಸನೆ ಮುಚ್ಚಲು ಇನ್ನೊಂದು ವಾಸನೆ ಹಾಕಿದರೆ ಎರಡೂ ಮೂಗಿಗೆ ಬಡಿತದೆ. ನನಗೆ ಗೊತ್ತಾಗುವುದೇ ಹಾಗೆ, ಯಾರು ಹಳೇ ಮೀನು ತಂದಿದ್ದಾರೆ ಅಂತ."

ಉರಿ ಹೋಗುವವರೆಗೆ ಕಾದು ಮೂರನೆಯದನ್ನು ಇಬ್ಬರೂ ಸೇರಿ ಮಾಡಿದೆವು. ನಾಲ್ಕು ಚಮಚ ಕೂವೆ, ಮೂರು ಚಮಚ ಎಣ್ಣೆ, ಒಂದು ಚಮಚ ಮೇಣ, ಕಾಲು ಚಮಚ ಸೋಡ. ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ಒಂದು ದಿನ ಬಿಡಲು ಅಮ್ಮನೇ ಹೇಳಿದಳು. ಆಮೇಲೆ ಒಂದು ವಾರ ಪರೀಕ್ಷೆ ನಡೆಯಿತು. ಬೆಳಿಗ್ಗೆ ಹೊರಡುವ ಮೊದಲು ಒಮ್ಮೆ, ಸಂಜೆ ಬಂದ ಕೂಡಲೇ ಒಮ್ಮೆ ಅವಳ ಮುಂದೆ ಕೈ ಎತ್ತಿ ನಿಲ್ಲುತ್ತಿದ್ದೆ. ಅವಳು ಕನ್ನಡಕ ತೆಗೆದಿಟ್ಟು ಮೂಸುತ್ತಿದ್ದಳು. "ಬೆಳಿಗ್ಗೆ ಎಂತದೂ ಇಲ್ಲ. ಸಂಜೆ ಸ್ವಲ್ಪ ಉಂಟು. ಎಡದ್ದು ಜಾಸ್ತಿ. ಮಧ್ಯಾಹ್ನ ಒದ್ದೆ ಬಟ್ಟೆಯಲ್ಲಿ ಉಜ್ಜಿ ಪುನಃ ಹಚ್ಚು." ಡಾಕ್ಟರಷ್ಟೇ ಸಪಾಟಾಗಿ ಹೇಳುತ್ತಿದ್ದಳು. ಸ್ವಲ್ಪ ಉಂಟು ಎಂದು ಕೇಳಿದಾಗ ನಾನು ಕುಸಿಯಬೇಕಿತ್ತು. ಅದರ ಬದಲು, ಇಷ್ಟೇನಾ ಎನಿಸಿತು.

ಆ ಧೈರ್ಯದಲ್ಲಿ ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಬಂದು ಊಟ ಮಾಡುವಾಗ ಕೇಳಿಬಿಟ್ಟೆ. "ಅಮ್ಮ, ಶಾಲೆಗೆ ಹೋಗುವಾಗ ನನ್ನ ಮೈಯಲ್ಲಿ ಮೀನಿನ ವಾಸನೆ ಇತ್ತಾ?"

ಇಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಬೂತಾಯಿ ಮೀನಿನ ಮುಳ್ಳು ಬಿಡಿಸುತ್ತಾ, "ಇತ್ತು" ಎಂದಳು.

"ಇತ್ತಾ?"

"ಬೆಳಗಾಗುವ ಮೊದಲು ಧಕ್ಕೆಗೆ ಹೋಗಿ ಬಂದು, ಬುಟ್ಟಿ ಬಾಗಿಲಲ್ಲಿ ಇಟ್ಟು, ಅದೇ ಕೈಯಲ್ಲಿ ನಿನ್ನ ಜಡೆ ಹಾಕ್ತಿದ್ದೆ. ಹುಣಸೆಹುಳಿಯಲ್ಲಿ ಕೈ ಉಜ್ಜುವಷ್ಟು ಹೊತ್ತು ಇರ್ಲಿಲ್ಲ. ಬಸ್ಸು ತಪ್ಪುತ್ತಿತ್ತು. ಕೂದಲಿಗೆ ತಾಗ್ತದೆ ಅಂತ ಗೊತ್ತಿತ್ತು."

"ಗೊತ್ತಿದ್ದೂ ಹೇಳ್ಲಿಲ್ವಾ?"

"ಹೇಳಿ ಎಂತ ಮಾಡುವುದು? ಜಡೆ ಹಾಕದೆ ಕಳಿಸುವುದಾ?"

ಸಿಟ್ಟು ಬಂತು. ಅರ್ಧ ಊಟ ಬಿಟ್ಟು ಎದ್ದು, ಚಪ್ಪಲಿ ಹಾಕಿ ಕಡಲ ಬದಿಗೆ ನಡೆದೆ. ಬಿಸಿಲು ಇನ್ನೂ ಇಳಿದಿರಲಿಲ್ಲ, ಚಪ್ಪಲಿಯೊಳಗೆ ನುಗ್ಗಿದ ಬಿಸಿ ಹೊಯಿಗೆ ಕಾಲು ಸುಡುತ್ತಿತ್ತು. ಮೂರು ಸಲ ಮಿಂದದ್ದು ನೆನಪಾಯಿತು. ಮೈಯನ್ನು ತಿಕ್ಕಿದ್ದೆ, ತಲೆಗೆ ನೀರು ಹಾಕಿರಲಿಲ್ಲ, ಜಡೆ ಬಿಚ್ಚಿದರೆ ಅಮ್ಮನಿಗೆ ಪುನಃ ಹಾಕುವ ಕೆಲಸ ಎಂದು. ಆ ಹುಡುಗಿ ಸುಳ್ಳು ಹೇಳಿರಲಿಲ್ಲ. ವಾಸನೆ ಇತ್ತು, ಮತ್ತು ಅದು ನನ್ನ ಮೈಯದ್ದಲ್ಲ. ಇಷ್ಟು ವರ್ಷ ಕಂಕುಳನ್ನು ಸುಟ್ಟುಕೊಂಡೆನಲ್ಲ ಎಂದು ಅಳಬೇಕೋ ನಗಬೇಕೋ ತಿಳಿಯದೆ, ಹೊಯಿಗೆಯಲ್ಲಿ ಅತ್ತಿಂದಿತ್ತ ನಡೆದೆ. ವಾಪಸು ಬಂದಾಗ ಅಮ್ಮ ನನ್ನ ಬಟ್ಟಲನ್ನು ಮುಚ್ಚಿಟ್ಟು ಮಾರ್ಕೆಟಿಗೆ ಹೋಗಿದ್ದಳು. ಕೂತು ಉಳಿದದ್ದನ್ನು ಉಂಡೆ.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಚರ್ಮ ವಾಸಿಯಾಗಿದೆ. ಬೇಸಿಗೆಯಲ್ಲಿ ಮೇಣ ಸ್ವಲ್ಪ ಹೆಚ್ಚು, ಮಳೆಗಾಲದಲ್ಲಿ ಕಮ್ಮಿ ಹಾಕಿ ತಿಂಗಳಿಗೊಮ್ಮೆ ಎರಡು ಬಾಟಲಿ ಮಾಡುತ್ತೇನೆ, ಒಂದು ಗೆಳತಿಗೆ. ಯಾರಾದರೂ ಕೆಮ್ಮಿದರೆ ಈಗಲೂ ಒಂದು ಕ್ಷಣ ಕೈ ಮೈಗೆ ಅಂಟಿಕೊಳ್ಳುತ್ತದೆ. ಆಮೇಲೆ ಯಂತ್ರ ಸೀಟಿ ಹೊಡೆಯಿತೇ ಎಂದು ನೋಡುತ್ತೇನೆ.

ಗೆಳತಿ ಮೊನ್ನೆ ಗಂಡನಿಗೆ ವೀಡಿಯೊ ಕಾಲಿನಲ್ಲಿ ನಿಜ ಹೇಳಿದಳಂತೆ. ಅವರು, "ಹಾಗಾದ್ರೆ ಇನ್ನು ನಿನಗೆ ಎಂತ ತರಬೇಕು?" ಎಂದು ಕೇಳಿದರಂತೆ.

"ನೀನು ಎಂತ ಹೇಳಿದೆ?" ಎಂದೆ.

"ಗ್ಯಾಸ್ ಲೀಕಾದ್ರೆ ಕೂಗುವ ಯಂತ್ರ ಸಿಗ್ತದಂತೆ, ಅದು ತನ್ನಿ ಅಂದೆ" ಎಂದು ಅವಳು ಮಣಿಗಂಟನ್ನು ನನ್ನ ಮೂಗಿನ ಹತ್ತಿರ ಚಾಚಿದಳು. ಅತ್ತರು ಹಾಕಿರಲಿಲ್ಲ. ಬೆಳಗಿನ ಸಾಬೂನು, ಅದರಡಿಯಲ್ಲಿ ಒಗ್ಗರಣೆಯ ಬೆಳ್ಳುಳ್ಳಿ. ಎರಡನ್ನೂ ಹೇಳಿದೆ. "ಬೆಳ್ಳುಳ್ಳಿಯಾ?" ಎಂದು ಅವಳು ತನ್ನ ಕೈಯನ್ನು ತಾನೇ ಮೂಸಿ ನೋಡಿದಳು, ಬಹಳ ಹೊತ್ತು.