ಸದ್ದು ತೆಗೆಸಿದ ಕಾರು

ನನ್ನ ಎಡಗಾಲು ಪೋಲಿಯೊಕ್ಕೆ ಹೋದದ್ದು ಎರಡು ವರ್ಷದ ಕೂಸಿದ್ದಾಗ. ಅದರ ಬಗ್ಗೆ ನನಗೆ ದುಃಖವಿಲ್ಲ, ಯಾಕೆಂದರೆ ಎರಡೂ ಕಾಲು ನೆಟ್ಟಗಿದ್ದ ನೆನಪೇ ನನಗಿಲ್ಲ. ನನ್ನ ಸಿಟ್ಟೆಲ್ಲ ಎತ್ತುವವರ ಮೇಲೆ. ಬಸ್ಸಿನ ಬಾಗಿಲ ಹತ್ತಿರ ಹೋಗಿ ನಿಂತರೆ ಸಾಕು, ಹಿಂದಿನಿಂದ ಯಾರದೋ ಎರಡು ಕೈ ಬಂದು ಕಂಕುಳಿಗೆ ಸೇರಿ ನನ್ನನ್ನು ಜೋಳದ ಚೀಲದ ಹಾಗೆ ಮೇಲಕ್ಕೆತ್ತಿ ಬಿಡುತ್ತಿದ್ದವು. ಕೇಳುವುದಿಲ್ಲ, ಹೇಳುವುದಿಲ್ಲ. ಮೇಲೆ "ಹುಷಾರ್ರೀ" ಅಂತ ಒಂದು ಉಪದೇಶ ಬೇರೆ. ಉಪಕಾರ ಮಾಡಿದವರಿಗೆ ಬೈಯಲಿಕ್ಕೂ ಬರುವುದಿಲ್ಲವಲ್ಲ, ಅದು ಇನ್ನೂ ದೊಡ್ಡ ಸಂಕಟ.

ನಾನು ಕಮಲಾಪುರದ ದವಾಖಾನೆಯಲ್ಲಿ ಔಷಧಿ ಕೊಡುವವನಾಗಿದ್ದೆ. ಮನೆ ಕಲಬುರ್ಗಿಯ ಗಾಜಿಪುರದಲ್ಲಿ. ಮದುವೆಯಾಗಲಿಲ್ಲ. ಹಳೆ ಮನೆಯ ಮುಂದಿನ ಎರಡು ಖೋಲಿ ನನ್ನವು, ಅವಕ್ಕೆ ಓಣಿಯ ಕಡೆ ಬೇರೆ ಬಾಗಿಲಿತ್ತು. ಹಿಂದಿನ ಭಾಗದಲ್ಲಿ ಅಣ್ಣ, ವೈನಿ, ಅವರ ಇಬ್ಬರು ಹೆಣ್ಣುಮಕ್ಕಳು. ಹನ್ನೊಂದು ವರ್ಷ ಪ್ರತಿದಿನ ಬೆಳಿಗ್ಗೆ ಅಣ್ಣ ನನ್ನನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಿಟ್ಟು, ಅಲ್ಲಿಂದ ತನ್ನ ಆಫೀಸಿಗೆ ಹೋಗುತ್ತಿದ್ದ. ಸಂಜೆ ಕಮಲಾಪುರದ ಬಸ್ಸು ಬರುವ ಹೊತ್ತಿಗೆ ಮತ್ತೆ ಅಲ್ಲೇ ಬಂದು ನಿಂತಿರುತ್ತಿದ್ದ.

ಅಣ್ಣ ಮಾತುಗಾರನಲ್ಲ. ಮನೆಯಲ್ಲಿ ಎದುರಿಗೆ ಕುಳಿತರೆ ಪೇಪರು ಅಡ್ಡ ಹಿಡಿಯುವ ಜಾತಿ. ಆದರೆ ಸ್ಕೂಟರಿನ ಮೇಲೆ ಅವನ ಬೆನ್ನು ನನ್ನ ಕಡೆ, ಮುಖ ರಸ್ತೆಯ ಕಡೆ ಇರುತ್ತಿತ್ತಲ್ಲ, ಆಗ ಬಾಯಿ ಬಿಚ್ಚುತ್ತಿದ್ದ. ಸಾಹೇಬರ ಕಿರಿಕಿರಿ, ದೊಡ್ಡ ಮಗಳ ಗಣಿತ, ಇತ್ತೀಚೆಗೆ ತನಗೆ ಯಾಕೋ ಎದೆ ಹಾರಿದಂತಾಗುವುದು, ಎಲ್ಲ ಹೇಳುತ್ತಿದ್ದ. ಅರ್ಧ ಮಾತು ಗಾಳಿಗೆ ಹೋಗುತ್ತಿತ್ತು. ಉಳಿದರ್ಧಕ್ಕೆ ನಾನು ಹೂಂ ಅನ್ನುತ್ತಿದ್ದೆ. ಅದು ಹತ್ತು ನಿಮಿಷದ ದಾರಿ, ಅಷ್ಟೆ.

ಒಂದು ಮದುವೆಯ ಪಂಕ್ತಿಯಲ್ಲಿ ಅಣ್ಣನ ಆಫೀಸಿನ ಗುಮಾಸ್ತರೊಬ್ಬರು ನನ್ನ ಪಕ್ಕ ಕುಳಿತಿದ್ದರು. ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತ, ಹವಾಮಾನದ ಸುದ್ದಿ ಹೇಳಿದಷ್ಟು ಸಹಜವಾಗಿ ಅಂದರು: "ನಿಮ್ಮ ಅಣ್ಣಾವ್ರು ಎರಡು ಸಲ ಪ್ರಮೋಶನ್ ಬ್ಯಾಡ ಅಂದಾರ್ರೀ. ಬೀದರಕ್ಕ ಹೋಗಬೇಕಾಗ್ತದಲ್ಲ. ತಮ್ಮನ್ನ ಬಸ್‌ಸ್ಟ್ಯಾಂಡಿಗೆ ಬಿಡಾವ್ರು ಯಾರು ಅಂತಾರ."

ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಅಣ್ಣನನ್ನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಕೇಳುವ ರೂಢಿಯಿಲ್ಲ, ಎಲ್ಲರೂ ಒಳಗೊಳಗೇ ತಿಳಿದುಕೊಂಡು ಒಳಗೊಳಗೇ ಕುದಿಯುತ್ತೇವೆ. ನನಗೆ ನಾಚಿಕೆಯಾಗಿತ್ತು, ನಾಚಿಕೆಗಿಂತ ಸಿಟ್ಟು ಬಂದಿತ್ತು. ಈ ಮನುಷ್ಯನ ಬೆನ್ನ ಮೇಲಿಂದ ನಾನು ಇಳಿಯಲೇಬೇಕು ಅಂದುಕೊಂಡೆ.

ಬಲಗಾಲಿನಿಂದ ಬ್ರೇಕು, ಎಕ್ಸಿಲರೇಟರು ಎರಡನ್ನೂ ನಾನು ಒತ್ತಬಲ್ಲೆ. ಕ್ಲಚ್ಚು ಒತ್ತಲು ಕಾಲಿಲ್ಲ. ಹಾಗಾಗಿ ನನಗೆ ಬೇಕಾದದ್ದು ಕ್ಲಚ್ಚೇ ಇಲ್ಲದ, ತಾನೇ ಗೇರು ಬದಲಿಸಿಕೊಳ್ಳುವ ಆಟೊಮ್ಯಾಟಿಕ್ ಕಾರು. ಅದು ತೊಂಬತ್ತರ ದಶಕದ ಸುರುವಾತು. ಅಂಥ ಕಾರನ್ನು ನಮ್ಮ ಕಡೆ ಕಂಡವರೇ ಇರಲಿಲ್ಲ. ಕೋಟೆಯ ಹತ್ತಿರ ಗ್ಯಾರೇಜ್ ಇಟ್ಟಿದ್ದ ಒಬ್ಬ ಮಿಸ್ತ್ರಿ ಆರು ತಿಂಗಳು ಹುಡುಕಿ ಹೈದರಾಬಾದಿನಿಂದ ಒಂದನ್ನು ಹಿಡಿದು ತಂದ. ಯಾವುದೋ ಶ್ರೀಮಂತರ ಶೆಡ್ಡಿನಲ್ಲಿ ವರ್ಷಗಟ್ಟಲೆ ಧೂಳು ತಿಂದಿದ್ದ ವಿದೇಶಿ ಕಾರು ಅದು. ಕೆಂಪು ಬಣ್ಣ, ಎರಡೇ ಬಾಗಿಲು, ನೆಲಕ್ಕೆ ಹತ್ತಿಕೊಂಡ ಮೈ. ರೇಸಿನ ಹುಚ್ಚಿರುವವರು ಹೊಡೆಯುವಂಥದ್ದು. ಸಂತೆಗೆ ಹೋಗಲು ಕತ್ತೆ ಕೇಳಿದವನಿಗೆ ಪಟ್ಟದ ಕುದುರೆ ತಂದು ಕಟ್ಟಿದಂತಾಯಿತು. ಆದರೂ ನಾನು ಬೇಡವೆನ್ನಲಿಲ್ಲ. ಕೋಟೆಯ ಕಂದಕದ ಪಕ್ಕದ ಬಯಲಿನಲ್ಲಿ ಮಿಸ್ತ್ರಿಯೇ ಹೊಡೆಯಲು ಕಲಿಸಿದ.

ಆ ಕಾರಿನ ಸದ್ದು! ಬೆಳಿಗ್ಗೆ ಚಾಲೂ ಮಾಡಿದರೆ ಓಣಿಯ ತಗಡೆಲ್ಲ ನಡುಗುತ್ತಿದ್ದವು. "ಕುಂಭಕರ್ಣ ಎದ್ದಾನ ನೋಡ್ರಿ" ಅಂತ ಎದುರುಮನೆಯ ಅಜ್ಜಿ ದಿನಾ ಅನ್ನುತ್ತಿದ್ದಳು. ಅಜ್ಜಿಯನ್ನಾದರೂ ಸಹಿಸಬಹುದಿತ್ತು. ನನ್ನಿಂದ ಸಹಿಸಲಾಗದ್ದು ಅಣ್ಣನನ್ನು. ಆ ಸದ್ದು ಕೇಳಿದ ಕೂಡಲೇ ಹಿಂದಿನ ಮನೆಯಿಂದ ಬನಿಯನ್ನಿನ ಮೇಲೆ ಟಾವೆಲ್ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಕಾರು ಓಣಿ ದಾಟುವ ತನಕ ನಿಂತಿರುತ್ತಿದ್ದ. ಕನ್ನಡಿಯಲ್ಲಿ ಅವನನ್ನು ನೋಡಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗಲೋ ಆಗಲೋ ಇದು ನಿಲ್ಲುತ್ತದೆ, ತಮ್ಮನನ್ನು ಮತ್ತೆ ಸ್ಕೂಟರಿಗೆ ಏರಿಸಬೇಕು ಅಂತ ಕಾದಿದ್ದಾನೆ ಎಂದೇ ನನಗನ್ನಿಸುತ್ತಿತ್ತು.

ನಿಲ್ಲುವುದೂ ನಿಂತಿತು. ಒಂದು ಶನಿವಾರ ಮಧ್ಯಾಹ್ನ, ಏಪ್ರಿಲ್ ಬಿಸಿಲಲ್ಲಿ ಕಮಲಾಪುರದಿಂದ ಬರುತ್ತಿದ್ದೆ. ಕಲಬುರ್ಗಿಯ ಪೇಟೆಯ ನಡುವೆ ಕಾರು ಕಾದು ಬುಸ್ಸೆಂದು ಹೊಗೆಯಾಡಿ ಕೂತುಬಿಟ್ಟಿತು. ನಮ್ಮೂರಲ್ಲಿ ಗಾಡಿ ನಿಂತರೆ ಯಾರೂ ಕಾರಣ ಕೇಳುವುದಿಲ್ಲ, ದಬ್ಬುತ್ತಾರೆ. ನಾನು ಬಾಯಿ ತೆರೆಯುವುದರೊಳಗೆ ಹತ್ತು ಜನ ಹಿಂದೆ ಸೇರಿದ್ದರು. ಆಟೊಮ್ಯಾಟಿಕ್ ಕಾರನ್ನು ಹುಮನಾಬಾದಿನ ತನಕ ದಬ್ಬಿದರೂ ಅದು ಚಾಲೂ ಆಗುವುದಿಲ್ಲ. ಗಾಲಿ ಮಾತ್ರ ಉರುಳುತ್ತದೆ, ಎಂಜಿನ್ನಿಗೆ ಅದು ತಿಳಿಯುವುದೇ ಇಲ್ಲ. ಇದನ್ನು ಯಾರಿಗೆ ಹೇಳುವುದು?

"ಸೆಕೆಂಡ್ ಗೇರ್ ಹಾಕ್ರೀ! ಕ್ಲಚ್ ಬಿಡ್ರೀ!" ಅಂತ ಹಿಂದಿನಿಂದ ಕೂಗು.

"ಕ್ಲಚ್ ಇಲ್ರೀ ಇದಕ್ಕ! ದಬ್ಬಬ್ಯಾಡ್ರೀ, ಉಪಯೋಗಿಲ್ಲ!" ಅಂತ ನಾನು ತಲೆ ಹೊರಹಾಕಿ ಚೀರಿದೆ.

"ಕ್ಲಚ್ ಹೋಗ್ಯದಂತ, ಇನ್ನಾ ಜೋರ್ಲೆ ದಬ್ರಪ್ಪಾ!"

ನಾನು ಬೈದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಯಾರಿಗೂ ಬೇಜಾರಾಗಲಿಲ್ಲ. ಚಹಾದ ಅಂಗಡಿಯ ಹಿರಿಯರೊಬ್ಬರು ಕಿಟಕಿಯಲ್ಲಿ ಬಗ್ಗಿ ನನ್ನ ಕಾಲಿನ ಕಬ್ಬಿಣದ ಪಟ್ಟಿ ನೋಡಿ, ದನಿ ಮೆತ್ತಗೆ ಮಾಡಿ, "ನೀವು ಅರಾಮ ಕೂಡ್ರಿ ಸರ್. ಮನಿ ಎಲ್ಲಿ ಹೇಳ್ರಿ, ಅಲ್ಲಿ ತನಕ ಒಯ್ತೀವಿ" ಅಂದರು. ಹೇಳಿದ ಹಾಗೆ ಗಾಜಿಪುರದ ತನಕ ದಬ್ಬಿದರು. ಕೆಂಪು ರೇಸ್ ಕಾರಿನಲ್ಲಿ ನಾನು ದೇವರ ಹಾಗೆ ಕುಳಿತಿದ್ದೆ. ಓಣಿಯ ಬಾಯಿಯಲ್ಲಿ ಅಣ್ಣ ಎದುರಾದ. ಚಪ್ಪಲಿ ಬಿಟ್ಟು, ಅಂಗಿಯ ತೋಳೇರಿಸಿ, ಅವನೂ ಹಿಂದೆ ಹೋಗಿ ಕೈ ಹಚ್ಚಿದ. ಅಷ್ಟು ಅವಮಾನ ನನಗೆ ಜೀವನದಲ್ಲಿ ಆಗಿರಲಿಲ್ಲ.

ಮರುದಿನ ಮಿಸ್ತ್ರಿಗೆ ಹೇಳಿದೆ, "ನನಗೆ ಸ್ಪೀಡ್ ಬ್ಯಾಡ, ಶೋಕಿ ಬ್ಯಾಡ. ಎಂದೂ ನಿಂದರಬಾರದು, ಸಪ್ಪಳ ಆಗಬಾರದು. ಅಷ್ಟ ಮಾಡಿಕೊಡು."

"ಶೇರ್‌ಗೆ ಹುಲ್ಲು ತಿನಸಂತೀರಲ್ಲ ಸಾಬ್," ಅಂತ ಅವನು ಬಹಳ ನೊಂದುಕೊಂಡ. "ಆವಾಜ್ ತೆಗದ್ರ ಇದರಾಗ ಏನ್ ಉಳೀತದ್ರೀ?"

ನೊಂದುಕೊಂಡರೂ ಶ್ರದ್ಧೆಯಿಂದ ಮಾಡಿದ. ಎರಡು ಕಾರ್ಬೊರೇಟರು ತೆಗೆದು ಒಂದೇ ಸಣ್ಣದನ್ನು ಕೂಡಿಸಿದ. ನಮ್ಮ ಬಿಸಿಲಿಗೆ ತಾಳುವಂಥ ದಪ್ಪ ರೇಡಿಯೇಟರನ್ನೂ ಜೀಪಿನ ಫ್ಯಾನನ್ನೂ ಹಾಕಿದ. ಗೇರ್‌ಬಾಕ್ಸಿಗೆ ಮೊದಲು ಎಲ್ಲ ಗಾಡಿಗೂ ಹಾಕುವ ಎಣ್ಣೆಯನ್ನೇ ಸುರಿದು, ಕಾರು ಗುರ್ ಗುರ್ ಅಂದರೂ ಮುಂದೆ ಹೋಗದಿದ್ದಾಗ ತಲೆ ಮೇಲೆ ಕೈಹೊತ್ತು ಕುಳಿತ. ಆಮೇಲೆ ಯಾರನ್ನೋ ವಿಚಾರಿಸಿ, ಕುಂಕುಮ ಕದಡಿದ ನೀರಿನಂಥ ಕೆಂಪು ಎಣ್ಣೆಯನ್ನು ಹೈದರಾಬಾದಿನಿಂದ ತರಿಸಿದ. ಆ ಎಣ್ಣೆ ತಂಪಾಗಲೆಂದು ಬೇರೆಯೇ ಒಂದು ಸಣ್ಣ ಜಾಲರಿ ಮುಂದೆ ಕಟ್ಟಿದ. ಅಂಬಾಸಡರಿನ ಎರಡು ಸೈಲೆನ್ಸರು ಒಂದರ ಹಿಂದೊಂದು ಬೆಸೆದ. ಬಾನೆಟ್ಟಿನ ಒಳಗೆ, ಕಾಲ ಕೆಳಗೆ ಕರಿ ಕಂಬಳಿ ಹೊಲಿದು ಅಂಟಿಸಿದ. ಬಿಸಿಯಾದಾಗ ಅದು ಕುರಿಹಟ್ಟಿಯ ವಾಸನೆ ಹೊಡೆಯುತ್ತಿತ್ತು. ಸೀಟು ನೆಲಕ್ಕೇ ಇದ್ದುದರಿಂದ ನಾನು ಇಳಿಯುವಾಗ ಬಾಗಿಲು ಹಿಡಿದು ಒದ್ದಾಡಬೇಕಿತ್ತು. ಅದರ ಕೆಳಗೆ ಕಬ್ಬಿಣದ ಚೌಕಟ್ಟಿಟ್ಟು ಎತ್ತರಿಸಿದ. ತಗ್ಗು ಬಂದಾಗಲೆಲ್ಲ ತಲೆ ಕಾರಿನ ಛಾವಣಿಗೆ ಬಡಿಯುತ್ತಿತ್ತು, ಅದು ನನ್ನ ಹಣೆಬರಹ.

ಇದಕ್ಕೆಲ್ಲ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ಮತ್ತೆ ಅಣ್ಣನ ಸ್ಕೂಟರು. ಒಂದು ಬೆಳಿಗ್ಗೆ ಅವನು ಹಿಂದೆ ತಿರುಗದೆಯೇ ಕೇಳಿದ, "ನಿಂದರಲಾರದಂಗ ಮಾಡಸೂದು ಖರೆ. ಸಪ್ಪಳ ಯಾಕ ತೆಗಸ್ತಿ? ಅದೇನ್ ಮಾಡ್ತದ?"

"ನಾ ಯಾವಾಗ ಮನಿ ಬಿಟ್ಟೆ ಅನ್ನೂದು ಯಾರಿಗೂ ಗೊತ್ತಾಗಬಾರದು, ಅದಕ್ಕ," ಅಂದೆ.

ಅಣ್ಣ ಹೂಂ ಅಂದ. ಗಾಳಿಗೆ ಹೋದ ಮಾತು ಎಷ್ಟೋ ಇದ್ದವು, ಇದೊಂದು ಹೋಗಲಿಲ್ಲ. ಇದನ್ನು ಅವನು ಪೂರ್ತಿ ಕೇಳಿಸಿಕೊಂಡಿದ್ದ.

ಕಾರು ವಾಪಸು ಬಂತು. ಮಿಸ್ತ್ರಿಯ ಕೈಗುಣ ದೊಡ್ಡದು. ಕೀಲಿ ತಿರುಗಿಸಿದರೆ ಬೆಕ್ಕು ಎದ್ದು ಹೋದಷ್ಟೇ ಸದ್ದು. ಬೆಳಿಗ್ಗೆ ಏಳೂವರೆಗೆ ಬಾಗಿಲು ಎಳೆದುಕೊಂಡು ಹೊರಟರೆ ಎದುರುಮನೆಯ ಅಜ್ಜಿಗೂ ತಿಳಿಯುತ್ತಿರಲಿಲ್ಲ. ಬಾಗಿಲಲ್ಲಿ ಅಣ್ಣನೂ ಇರಲಿಲ್ಲ. ಮೊದಲ ವಾರ ಗೆದ್ದೆ ಅನ್ನಿಸಿತು. ಆಮೇಲೆ ಓಣಿ ತಿರುಗುವಾಗ ಕಣ್ಣು ತಾನೇ ಕನ್ನಡಿಗೆ ಹೋಗತೊಡಗಿತು.

ತಾಜಸುಲ್ತಾನಪುರದ ತಿರುವು, ಮಹಾಗಾಂವ ಕ್ರಾಸು, ಕಮಲಾಪುರದ ಏರು. ಕಾರು ಒಂದು ದಿನವೂ ಕೈಕೊಡಲಿಲ್ಲ. ಅದರೊಳಗೆ ಎಷ್ಟು ಮೌನವೆಂದರೆ ನನ್ನ ಉಸಿರು ನನಗೇ ಕೇಳುತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರ್ ಬೈಯುತ್ತಿದ್ದ, ಪಕ್ಕದವರು ಬೇಡವೆಂದರೂ ತಮ್ಮ ಬೀಗರ ಕಥೆ ಹೇಳುತ್ತಿದ್ದರು, ನಾನು ಎಲ್ಲರ ಮೇಲೂ ಸಿಡುಕುತ್ತಿದ್ದೆ. ಈಗ ಸಿಡುಕಲಿಕ್ಕೂ ಯಾರಿಲ್ಲ. ಒಮ್ಮೆ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ಕೊಂಡು ಪಕ್ಕದ ಸೀಟಿನ ಮೇಲಿಟ್ಟೆ. ಮನೆ ಬರುವ ತನಕ ಅದರ ಜೊತೆ ಮಾತಾಡಿಕೊಂಡು ಬಂದಿದ್ದೇನೆ, ನಗಬೇಡಿ.

ಮಳೆಗಾಲ ಮುಗಿಯುವ ಹೊತ್ತಿಗೆ ಅಣ್ಣ ಪ್ರಮೋಶನ್ ಒಪ್ಪಿಕೊಂಡ. ಬೀದರಿನಲ್ಲಿ ಒಂದು ಖೋಲಿ ಹಿಡಿದು ಹೊರಟೇ ಹೋದ. ಹುಡುಗಿಯರ ಪರೀಕ್ಷೆಯ ತನಕ ವೈನಿ ಇಲ್ಲೇ ಇದ್ದರು. ನಾನು ಜಂಬದಿಂದಲೇ ಇದ್ದೆ. ನನ್ನಿಂದ ತಪ್ಪಿದ್ದನ್ನು ನಾನೇ ಕೊಡಿಸಿದೆ, ಲೆಕ್ಕ ಚುಕ್ತಾ ಅಂದುಕೊಂಡಿದ್ದೆ.

ಪರೀಕ್ಷೆ ಮುಗಿದು ಸಾಮಾನು ಕಟ್ಟುವ ದಿನ, ಹಿತ್ತಾಳೆ ಪಾತ್ರೆಗಳ ನಡುವೆ ಕುಳಿತು ವೈನಿ ಇದ್ದಕ್ಕಿದ್ದಂತೆ ಕೇಳಿದರು, "ಅವರು ಬಾಗಲದಾಗ ನಿಂದ್ರೂದು ನಿಮಗ ಅಷ್ಟು ಬ್ಯಾಡಾಗಿತ್ತೇನ್ರಿ?"

ನಾನು ಕೈಯಲ್ಲಿದ್ದ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದೆ.

"ಸಪ್ಪಳ ತೆಗಿಸಿದ ಮ್ಯಾಲೂ ಭಾಳ ದಿವಸ ಏಳೂವರಿಗೆ ಕಿವಿಗೊಟ್ಟು ಕೂಡ್ತಿದ್ರು. ಎರಡು ಸಲ ಓಡಿ ಬಾಗಲಕ್ಕ ಹೋದ್ರ ನೀವು ಓಣಿ ದಾಟಿಬಿಟ್ಟಿದ್ರಿ. ನಾ ಅಂದೆ, ಮೊದಲ ಹೋಗಿ ನಿಂದರ್ರಿ ಅಂತ. 'ಬ್ಯಾಡ, ನನಗ ಗೊತ್ತಾಗಬಾರದು ಅಂತನ ಅವ ಸಪ್ಪಳ ತೆಗಿಸ್ಯಾನ' ಅಂದ್ರು. ಆಮ್ಯಾಲ ಬೀದರದ ಮಾತು ಬಂತು, ಮರುದಿನಾನ ಹೂಂ ಅಂದು ಬಂದ್ರು."

ಅಲ್ಲ ಅಂತ ಹೇಳಲು ಬಾಯಿ ತೆರೆದೆ. ಆದರೆ ಅಣ್ಣ ತಪ್ಪು ತಿಳಿದಿರಲಿಲ್ಲ. ಮಿಸ್ತ್ರಿಯ ಎದುರು ನಿಂತಾಗ ನನ್ನ ಕಣ್ಣ ಮುಂದೆ ಇದ್ದದ್ದು ಪೇಟೆಯ ಹತ್ತು ಜನರಲ್ಲ, ಟಾವೆಲ್ ಹಾಕಿಕೊಂಡು ನಿಂತ ಅವನೇ. ಅಣ್ಣನ ಬದುಕು ಬಿಡಿಸಿಕೊಡುತ್ತೇನೆ ಅಂದುಕೊಂಡು ನಾನು ಅಣ್ಣನಿಂದಲೇ ಬಿಡಿಸಿಕೊಂಡಿದ್ದೆ. ಅಂದು ನನ್ನ ಖೋಲಿಗೆ ಬಂದು ಅತ್ತೆ.

ಮುಂದಿನ ಭಾನುವಾರ ಬೀದರಿಗೆ ಹೊರಟೆ. ಕಮಲಾಪುರ ದಾಟಿ ಆ ಕಾರು ಹೋದದ್ದು ಅದೇ ಮೊದಲು. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿದೆ. ಅಣ್ಣ ತೆಳ್ಳಗಾಗಿದ್ದ. "ಬಂದಿಯೇನು? ಗಾಡಿ ಬಂದದ್ದು ತಿಳೀಲೇ ಇಲ್ಲ," ಅಂದ. ವೈನಿ ಬಡಿಸಿದ ಊಟ ಮಾಡಿದೆವು. ಬಿಸಿಲಿನ ಮಾತು, ಹುಡುಗಿಯರ ಮಾತು, ನೀರಿನ ತೊಂದರೆಯ ಮಾತು ಎಲ್ಲ ಆದವು. ಬಾಯಿಪಾಠ ಮಾಡಿದ್ದು ಮಾತ್ರ ಹೊರಬರಲಿಲ್ಲ. ನಾಲ್ಕು ಗಂಟೆಗೆ ಎದ್ದೆ.

ಅಣ್ಣ ಕಾರಿನ ತನಕ ಬಂದ. ನಾನು ಕುಳಿತು ಬಾಗಿಲು ಹಾಕಿ ಕೀಲಿ ತಿರುಗಿಸಿದೆ. ಎಂಜಿನ್ ಎದ್ದದ್ದು ಸ್ಟಿಯರಿಂಗ್ ಹಿಡಿದ ನನ್ನ ಕೈಗಷ್ಟೇ ಗೊತ್ತಾಯಿತು. ಅವನು ಕಿಟಕಿಯ ಹತ್ತಿರ ಬಗ್ಗಿ ಕಿವಿಗೊಟ್ಟು ಕೇಳಿದ.

"ಚಾಲೂ ಆತೇನೋ?"

"ಇನ್ನಾ ಇಲ್ಲಣ್ಣಾ," ಅಂದೆ.

ಅಣ್ಣ ಕಾರಿನ ಮೇಲೆ ಕೈ ಇಟ್ಟುಕೊಂಡು ನಿಂತೇ ಇದ್ದ.