ಮುನ್ನೂರನೆಯ ಹರಳು

ನಾನು ಶಾಲೆ ಬಿಟ್ಟದ್ದು ೨೦೦೩ರಲ್ಲಿ, ಒಂಬತ್ತನೆಯ ತರಗತಿಯ ಅರ್ಧದಲ್ಲಿ. ಮರುವಾರವೇ ಟೈಲ್ಸ್ ಹಾಕುವ ಮೇಸ್ತ್ರಿಯ ಜೊತೆ ಕೆಲಸಕ್ಕೆ ಸೇರಿದೆ. ಪುತ್ತೂರು, ಕಡಬ, ಸುಳ್ಯದ ಸುತ್ತ ನಾನು ಮೊಣಕಾಲೂರಿ ಕೂರದ ಊರು ಕಡಿಮೆ. ಹಾಗಾಗಿ ಕಂಪ್ಯೂಟರಿನಲ್ಲಿ ಪುಟ್ಟ ಪುಟ್ಟ ಚೌಕಗಳನ್ನು ಜೋಡಿಸಿ ಆಟದ ಚಿತ್ರ ಮಾಡುವುದನ್ನು ಮೊದಲ ಸಲ ಒಂದು ವೀಡಿಯೋದಲ್ಲಿ ಕಂಡಾಗ ಹೊಸದೆನಿಸಲಿಲ್ಲ. ಇದು ನಮ್ಮ ಕೆಲಸವೇ ಅಂದುಕೊಂಡೆ.

ನಾಲ್ಕು ವರ್ಷ, ಸಿಕ್ಕ ಭಾನುವಾರಗಳಲ್ಲೆಲ್ಲ ಕುಳಿತು ಒಬ್ಬನೇ ಮೊಬೈಲಿನಲ್ಲಿ ಆಡುವ ಒಂದು ಆಟ ಮಾಡಿದೆ. ಲುಂಗಿ ಎತ್ತಿ ಕಟ್ಟಿದ ಮೇಸ್ತ್ರಿಯೊಬ್ಬ ಹಾರುತ್ತ, ಜಿಗಿಯುತ್ತ ಹನ್ನೆರಡು ಮಾಳಿಗೆಯ ಕಟ್ಟಡ ಹತ್ತಬೇಕು. ದಾರಿಯಲ್ಲಿ ಮುನ್ನೂರು ಹರಳು. ಸುಮ್ಮನೆ ಮೇಲೆ ತಲುಪಲು ಒಂದು ಗಂಟೆ ಸಾಕು. ಆದರೆ ನಾನು ಮಾಡಿದ್ದು ಒಂದನ್ನೂ ಬಿಡದೆ ಹೆಕ್ಕುವವರಿಗೆ. ಮೊದಲ ಪರದೆಯಲ್ಲೇ ಬರೆದಿದ್ದೆ: ‘ಮುನ್ನೂರೂ ಸಿಗುತ್ತದೆ. ಇದು ಮೇಸ್ತ್ರಿಯ ಮಾತು.’ ಕೆಳಗೆ ನನ್ನ ಫೋನ್ ನಂಬರ್.

ಉಪ್ಪಿನಂಗಡಿಯ ಒಂದು ಮನೆಯಲ್ಲಿ ಕೆಲಸದಲ್ಲಿದ್ದಾಗ ಫೋನ್ ಬಂತು. ಬೆಳ್ಳಾರೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಹೆಂಗಸು.

“ಆಟ ಮಾಡಿದವರು ನೀವೆಯಾ? ಇನ್ನೂರ ತೊಂಬತ್ತೊಂಬತ್ತರಲ್ಲಿ ನಿಂತು ಇಪ್ಪತ್ತು ದಿನ ಆಯ್ತು ಮಾರಾಯ್ರೆ. ಒಂದು ಸಿಕ್ಕುದೇ ಇಲ್ಲ.”

“ಉಂಟಕ್ಕ. ಸರಿ ಹುಡುಕಿ.”

“ಎಂತ ಹುಡುಕುದು? ಒಂಬತ್ತನೇ ಮಾಳಿಗೆ, ಅಡುಗೆಕೋಣೆಯ ಹಿಂದಿನ ಮೂಲೆ. ಕಾಣ್ತದೆ, ಮುಟ್ಲಿಕ್ಕೆ ಆಗುದಿಲ್ಲ. ನಿಮ್ಮಿಂದ ಊರಿನವರ ಬ್ಲೌಸೆಲ್ಲ ಹೊಲಿಯದೆ ಬಿದ್ದುಕೊಂಡುಂಟು!”

“ನಿಮಗೆ ಹಾರುವ ಹದ ಗೊತ್ತಾಗ್ಲಿಲ್ಲ.”

“ಹಾಗಾದ್ರೆ ಭಾನುವಾರ ಬಂದು ನನ್ನೆದುರು ತೆಗೆದು ತೋರಿಸಿ. ಇಲ್ಲದಿದ್ರೆ ಆ ಮೇಸ್ತ್ರಿಯ ಮಾತು ಅಂತ ಬರ್ದದ್ದನ್ನು ಅಳಿಸಿ.”

ಮೈ ಉರಿಯಿತು. ನಾನು ಹಾಕಿದ ಟೈಲ್ಸ್ ಎದ್ದಿತೆಂದು ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಮರಳಿ ಕರೆಸಿದ್ದಿಲ್ಲ. ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹೆಗಲಿಗೇರಿಸಿ ಬೆಳ್ಳಾರೆಯ ಬಸ್ಸು ಹತ್ತಿದೆ.

ಹೊಲಿಗೆ ಮಿಷನ್ನಿನ ಪಕ್ಕ ಸ್ಟೂಲು ಹಾಕಿ ಕೂರಿಸಿ, ಅವರು ತಮ್ಮ ಮೊಬೈಲು ಕೊಟ್ಟರು. ಹಾರಿದೆ, ಬಿದ್ದೆ. ಹತ್ತು ಸಲ ಹಾರಿದೆ, ಹತ್ತು ಸಲವೂ ಬಿದ್ದೆ.

“ಹದ ಗೊತ್ತಾಗ್ಲಿಲ್ವಾ ಹೇಗೆ?” ಅಂದರು, ದಾರ ಪೋಣಿಸುತ್ತ.

ಪರದೆಯನ್ನು ಕಣ್ಣಿನ ಹತ್ತಿರ ತಂದೆ. ಹರಳಿನ ಕೆಳಗೆ ಇದ್ದದ್ದು ಕಟ್ ಪೀಸು! ನೆಲಕ್ಕೆ ಹಾಕುವಾಗ ಬಾಗಿಲ ಕಡೆಗೆ ಇಡೀ ಟೈಲ್ಸ್ ಬರಬೇಕು. ಕತ್ತರಿಸಿದ ತುಂಡು ಹೋಗುವುದು ಹಿಂದಿನ ಮೂಲೆಗೆ, ಕಪಾಟಿನ ಅಡಿಗೆ, ಯಾರೂ ನೋಡದಲ್ಲಿಗೆ. ಆಟವನ್ನು ಪೂರ್ತಿ ಆಡಿ ನೋಡಿದ ಮೇಲೆ ಅಡುಗೆಕೋಣೆಯನ್ನು ಸ್ವಲ್ಪ ಚಂದ ಮಾಡೋಣವೆಂದು ಕೂತಿದ್ದೆ. ಆಗ ಕೈ ಅಭ್ಯಾಸದಂತೆ ಮೂಲೆಗೆ ಅರ್ಧ ತುಂಡು ಕೂರಿಸಿತ್ತು. ಆಟದಲ್ಲಿ ಇಡೀ ಟೈಲ್ಸ್ ಇದ್ದರೆ ಮಾತ್ರ ಕಾಲು ನಿಲ್ಲಬೇಕೆಂಬ ನಿಯಮ ಇಟ್ಟವನೂ ನಾನೇ.

“ತಪ್ಪು ನನ್ನದೇ ಅಕ್ಕ.” ಮೊಬೈಲನ್ನು ಅವರ ಕೈಗೆ ಮರಳಿಸಿದೆ.

“ಅಲ್ಲಿ ಯಾರು ನೋಡ್ತಾರೆ ಅಂತ ಮಾಡಿದ್ದಾ?”

“ಹೌದು.”

“ನಾನು ನೋಡ್ತೇನೆ. ಬಟ್ಟೆಯ ಒಳಮಗ್ಗುಲು ತಿರುಗಿಸಿ ನೋಡುವ ಜಾತಿ ನಾವು.”

ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ತೆರೆದೆ. ತುಂಡು ತೆಗೆದು ಇಡೀ ಟೈಲ್ಸ್ ಇಟ್ಟು, ಹೊಸದನ್ನು ಅವರ ಮೊಬೈಲಿಗೆ ಹಾಕಿದೆ. ಅವರು ತುಟಿ ಕಚ್ಚಿ ಹಾರಿದರು. ತಪ್ಪಿತು. ಇನ್ನೊಮ್ಮೆ ಹಾರಿದರು. ಮೇಸ್ತ್ರಿಯ ಕಾಲು ಮೂಲೆಯಲ್ಲಿ ನಿಂತಿತು, ಇನ್ನೊಂದು ಜಿಗಿತ, ಟಣ್! ಹನ್ನೆರಡೂ ಮಾಳಿಗೆಯಲ್ಲಿ ದೀಪ ಹತ್ತಿತು.

“ಮುನ್ನೂರು!” ಎಂದು ಅವರು ಮಿಷನ್ನಿಗೆ ಗುದ್ದಿದರು. ಅವರಿಗಿಂತ ದೊಡ್ಡದಾಗಿ ಕಿರುಚಿದ್ದು ನಾನು. ಪಕ್ಕದ ಹೋಟೆಲಿನವರು ಓಡಿ ಬಂದರು: “ಎಂತಾಯ್ತು, ಸೂಜಿ ಚುಚ್ಚಿತಾ?”

ಈಗ ನನ್ನಲ್ಲಿರುವುದು ಟೈಲ್ಸ್ ಕಟ್ಟರ್ ಎರಡು, ಲ್ಯಾಪ್‌ಟಾಪ್ ಒಂದು, ನಾನೇ ಮಾಡಿದ ಆಟ ಒಂದು, ಮುನ್ನೂರೂ ಹೆಕ್ಕಿದವರು ಹದಿನೇಳು ಮಂದಿ.